ಮಲಗುವ ಕೋಣೆಯ ಅಳತೆ

ನಮ್ಮ ಊರಲ್ಲಿ ಮನೆಯೊಳಗೆ ಸುಳ್ಳು ಹೇಳಿದರೆ, ಹೇಳಿದ ಕೋಣೆಯ ಗೋಡೆ ಒಂದು ಬೆರಳಗಲ ಒಳಗೆ ಬರುತ್ತದೆ. ಯಾರಿಗೆ ಹೇಳಿದ್ದೆವೋ ಅವರನ್ನೇ ಅದೇ ಕೋಣೆಯಲ್ಲಿ ಕೂರಿಸಿಕೊಂಡು ನಿಜ ಹೇಳಿದರೆ ಅಷ್ಟೇ ಹಿಂದಕ್ಕೆ ಹೋಗುತ್ತದೆ. ಬೇರೆ ಊರುಗಳಲ್ಲಿ ಗೋಡೆಗಳು ಕಟ್ಟಿದ ಜಾಗದಲ್ಲೇ ನಿಂತಿರುತ್ತವೆ ಎಂದು ಯಾರೋ ಹೇಳಿದಾಗ ನನಗೆ ಆಶ್ಚರ್ಯವಾಗಿತ್ತು. ಹಾಗಾದರೆ ಅಲ್ಲಿಯವರು ಮನೆಗೆ ಬೆಲೆ ಕಟ್ಟುವುದಾದರೂ ಹೇಗೆ?

ಈ ಕಾರಣಕ್ಕೇ ನಮ್ಮಲ್ಲಿ ಮರ್ಯಾದಸ್ಥರು ಸುಳ್ಳು ಹೇಳಬೇಕಾದಾಗ ಎದ್ದು ಬೀದಿಗೆ ಹೋಗುತ್ತಾರೆ. ನೆಂಟರ ಮನೆಯಲ್ಲಿ ಕಾಫಿ ಕೊಟ್ಟರೆ ಲೋಟ ಹಿಡಿದುಕೊಂಡೇ ಹೊಸಿಲು ದಾಟಿ, ಬೀದಿಯಲ್ಲಿ ನಿಂತು "ಬಾಳ ಚೆನ್ನಾಗೈತ್ರೀ" ಎಂದು ಕೂಗಿ ಮತ್ತೆ ಒಳಗೆ ಬಂದು ಕೂರುತ್ತಾರೆ. ಬೆಲ್ಲ ತಿಂದವರು ಯಾರು ಎಂದು ಕೇಳಿದರೆ ಮಕ್ಕಳು ಮೊದಲು ಹೊರಗೋಡುತ್ತವೆ. ಮದುವೆ ಮಾತುಕತೆ ಕೆರೆ ಏರಿಯ ಮೇಲೆ ನಡೆಯುತ್ತದೆ. ಕೋರ್ಟಿಗೆ ಗೋಡೆಯೇ ಇಲ್ಲ. ಒಂದು ಹುಣಸೆಮರದ ಕೆಳಗೆ ನಡೆಯುತ್ತದೆ. ಹೊರಗೆ ಹೋಗಿ ಹೇಳಿದ್ದು ಸುಳ್ಳು ಎಂದು ಎಲ್ಲರಿಗೂ ಗೊತ್ತಿರುತ್ತದೆ, ಆದರೆ ಹೊರಗೆ ಹೋಗುವಷ್ಟು ಕಷ್ಟಪಟ್ಟರಲ್ಲ ಎಂದು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ.

ನಾನು ಈ ಊರಿನ ಟೈಲರು, ಹೆಸರು ಕೊಟ್ರೇಶಿ. ಟೈಲರಿಗೆ ಈ ಪದ್ಧತಿಯಿಂದ ಆಗುವ ತೊಂದರೆಯನ್ನು ನೀವೇ ಯೋಚಿಸಿ. ಗಿರಾಕಿ ಬಟ್ಟೆ ಕೊಟ್ಟು "ಯಾವಾಗ ಬರ್ಲಿ?" ಎನ್ನುತ್ತಾನೆ. ನಾನು ಎದ್ದು, ಚಪ್ಪಲಿ ಮೆಟ್ಟಿ, ಬೀದಿಗೆ ಹೋಗಿ "ಸೋಮವಾರ" ಎಂದರೆ ಅವನು ಬಟ್ಟೆ ವಾಪಸ್ ತಗೊಂಡು ಹೋಗುತ್ತಾನೆ. ಅಂಗಡಿ ಇಟ್ಟ ಮೊದಲ ತಿಂಗಳು ಹಾಗೆ ಮಾಡಿ ಒಂಬತ್ತು ಗಿರಾಕಿಗಳನ್ನು ಕಳಕೊಂಡೆ. ಆಮೇಲೆ ಮಿಷನ್ನಿನ ಮುಂದೆ ಕೂತಲ್ಲಿಂದಲೇ "ಸೋಮವಾರ" ಎನ್ನುವುದನ್ನು ರೂಢಿ ಮಾಡಿಕೊಂಡೆ. ಅಂಗಡಿ ಎಂದರೆ ನಮ್ಮ ಮನೆಯ ಮುಂದಿನ ಕೋಣೆಯೇ. ಇಪ್ಪತ್ತೆಂಟು ವರ್ಷದಲ್ಲಿ ಎಷ್ಟು ಸೋಮವಾರಗಳು ಬಂದು ಹೋದವೋ, ಹದಿನಾರು ಅಡಿಯ ಕೋಣೆ ಒಂಬತ್ತಡಿಗೆ ಇಳಿಯಿತು. ಮಿಷನ್ನನ್ನು ಅಡ್ಡ ಇಟ್ಟುಕೊಂಡೆ. ಟ್ರಯಲ್ ನೋಡುವವರು ಕೈ ಎತ್ತಬೇಕಾದರೆ ಬಾಗಿಲಿಗೆ ಹೋಗಿ ಎತ್ತುತ್ತಿದ್ದರು.

ಮನೆ ಹೀಗೆ ಕುಗ್ಗಿದ್ದರಿಂದ ನನಗೇನೂ ನಿದ್ದೆ ಕೆಟ್ಟಿರಲಿಲ್ಲ. ಇಬ್ಬರೇ ಇರುವ ಮನೆ, ಎಷ್ಟು ದೊಡ್ಡದಿದ್ದರೇನು ಎಂದುಕೊಂಡಿದ್ದೆ. ಆದರೆ ನಮ್ಮ ಮನೆ ಇರುವುದು ಗುಡ್ಡದ ಕೇರಿಯ ತುದಿಯಲ್ಲಿ, ತೊಂಬತ್ತಾರು ಮೆಟ್ಟಿಲ ಮೇಲೆ. ಎರಡು ವರ್ಷದಿಂದ ನನ್ನ ಹೆಂಡತಿ ಹಾಲಮ್ಮನ ಮಂಡಿ ಕೈಕೊಟ್ಟಿತು. ಸಂತೆಗೆ ಇಳಿದರೆ ಹತ್ತುವಾಗ ನಲವತ್ತನೇ ಮೆಟ್ಟಿಲಲ್ಲಿ ಕೂತುಬಿಡುತ್ತಿದ್ದಳು. ಕಳೆದ ಯುಗಾದಿಯಿಂದ ಇಳಿಯುವುದನ್ನೇ ಬಿಟ್ಟಳು. ಒಂದು ದಿನ ಅವಳು ಕಿಟಕಿಯಲ್ಲಿ ನಿಂತು, ಸಂತೆಗೆ ಹೊರಟ ಪಕ್ಕದ ಮನೆಯವಳಿಗೆ "ಬದನೆಕಾಯಿ ಹೆಂಗಿರ್ತಾವೆ ನೋಡ್ಕೊಂಡ್ ಬಂದು ಹೇಳು, ತರೋದ್ ಬೇಡ" ಎಂದದ್ದು ಕೇಳಿಸಿತು. ನಾನು ದಪ್ಪ ಚರ್ಮದವನಾದರೂ ಅವತ್ತೇ ಮನೆ ಹುಡುಕಲು ಕೆಳಗಿಳಿದೆ.

ಕೆಳಗೆ ಸಂತೆಪೇಟೆಯಲ್ಲಿ ದಾಕ್ಷಾಯಣಮ್ಮ ಎಂಬುವರ ಮನೆ ಮಾರಾಟಕ್ಕಿತ್ತು. ಒಂದೇ ಒಂದು ಮೆಟ್ಟಿಲು, ಅದೂ ಗೇಣೆತ್ತರದ್ದು. ಆಕೆ ತಮ್ಮ ಬೆಲೆ ಹೇಳಿ, ಒಂದು ರೂಪಾಯಿಯೂ ಬಿಡುವುದಿಲ್ಲ, ಒಂದು ತಿಂಗಳು ಕಾಯುತ್ತೇನೆ ಎಂದರು. ಅವರು ಅದನ್ನು ತಮ್ಮ ನಡುಮನೆಯಲ್ಲೇ ಕೂತು ಹೇಳಿದರು, ಗೋಡೆ ಅಲುಗಲಿಲ್ಲ. ಹಾಗಾಗಿ ಚೌಕಾಸಿಗೆ ದಾರಿಯೇ ಇರಲಿಲ್ಲ. ನಮ್ಮ ಮನೆ ಮಾರಿದ ದುಡ್ಡಲ್ಲೇ ಅದನ್ನು ಕೊಳ್ಳಬೇಕಿತ್ತು.

ಮನೆ ಮಾರುವುದೆಂದರೆ ಏನು ಮಹಾ ಎಂದುಕೊಂಡೆ. ಹಳೇ ಅಂಗಿಗೆ ಇಸ್ತ್ರಿ ಹೊಡೆದು ಹೊಸದೆಂದು ಕೊಟ್ಟ ಕೈ ಇದು. ಗೋಡೆಗೆಲ್ಲ ತಿಳಿ ಹಳದಿ ಬಣ್ಣ ಹೊಡೆಸಿದೆ. ಅಂಗಡಿಯ ನಿಲುವುಗನ್ನಡಿಯನ್ನು ನಡುಮನೆಗೆ ತಂದು ಎದುರುಗೋಡೆಗೆ ನಿಲ್ಲಿಸಿದೆ, ಕೋಣೆ ಎರಡರಷ್ಟು ಕಾಣಿಸಲಿ ಎಂದು. ಮುರಿದ ಹಳೇ ಮಂಚದ ಕಾಲು, ಟ್ರಂಕು, ಹಾಲಮ್ಮನ ಒನಕೆ, ಎಲ್ಲವನ್ನೂ ಹಿತ್ತಲಿಗೆ ಸಾಗಿಸಿದೆ. ಬಾಗಿಲ ಮೇಲೆ ಬೆಲೆ ಬರೆದೆ. ಆ ಬೆಲೆ ಬರೆಯುವಾಗ ನನಗೇ ಸ್ವಲ್ಪ ನಾಚಿಕೆಯಾಯಿತು, ಅದಕ್ಕೆ ಹೊರಗೆ ನಿಂತೇ ಬರೆದೆ.

ಮೊದಲ ವಾರ ಗಂಡಹೆಂಡಿರಿಬ್ಬರು ನೋಡಲು ಬಂದರು. ಆ ಮನುಷ್ಯ ನಡುಮನೆಯ ಮಧ್ಯೆ ನಿಂತು ಎರಡೂ ಕೈ ಚಾಚಿದ. ಎರಡೂ ಕಡೆ ಬೆರಳ ತುದಿಗಳು ಹಸಿ ಬಣ್ಣಕ್ಕೆ ತಾಗಿದವು. "ಗಾಳಿ ಬೆಳಕು ಬಾಳ ಚೆನ್ನಾಗೈತೆ, ಹೊರಗಿಗಿಂತ ಒಳಗೇ ತಂಪು" ಎಂದೆ. ಬಾಯಿ ತಪ್ಪಿ ಒಳಗೇ ಹೇಳಿಬಿಟ್ಟಿದ್ದೆ. ಗೋಡೆ ಮೆಲ್ಲಗೆ ಒಂದು ಬೆರಳು ಮುಂದೆ ಬಂದು ಆ ಹೆಂಗಸಿನ ಕೈಚೀಲವನ್ನು ಕನ್ನಡಿಗೆ ಒತ್ತಿ ಹಿಡಿಯಿತು. ಚೀಲ ಬಿಡಿಸಿಕೊಳ್ಳಲು ಮೂವರೂ ಎಳೆಯಬೇಕಾಯಿತು. ಅವರು ಬೆಲೆ ಕೇಳದೆ ಹೋದರು. ಹಾಲಮ್ಮ ಅಡುಗೆಮನೆಯಿಂದ "ನಿಮ್ ಬಾಯಿಗೊಂದು ಗುಂಡಿ ಹಾಕ್ಕೊಳ್ರೀ" ಎಂದಳು.

ಕೊನೆಗೆ ಅಳತೆಯ ರುದ್ರಮುನಿಯನ್ನು ಕರೆಸಿದೆ. ನಮ್ಮೂರಲ್ಲಿ ಮನೆಗಳನ್ನು ಅಳೆದು ಬೆಲೆ ಗೊತ್ತು ಮಾಡುವುದು ಅವನೇ. ಒಂದು ಟೇಪು, ಒಂದು ಪೆನ್ಸಿಲು, ಯಾರನ್ನೂ ನಂಬದ ಒಂದು ಜೊತೆ ಕಣ್ಣು. ಕನ್ನಡಿಯನ್ನು ನೋಡಿ, "ನಾನು ಮನೆ ಅಳೆಯಾಕೆ ಬಂದಿರೋದು ಕೊಟ್ರೇಶಪ್ಪಾರೆ, ಅದರ ನೆರಳನ್ನಲ್ಲ" ಎಂದ. ಎಲ್ಲ ಅಳೆದ ಮೇಲೆ ಬಾಗಿಲ ಮೇಲೆ ನಾನು ಬರೆದಿದ್ದ ಬೆಲೆಯನ್ನು ಅಂಗೈಯಿಂದ ಒರೆಸಿ, ಅದರ ಅರ್ಧಕ್ಕಿಂತ ಸ್ವಲ್ಪ ಮೇಲೆ ಬರೆದ.

"ಇಷ್ಟೇನಾ?" ಎಂದೆ.

"ಇದೂ ನಿಮ್ ಹೆಂಡ್ತಿ ಮುಖ ನೋಡಿ. ಬಣ್ಣಕ್ಕೆ ಯಾಕ್ರೀ ದುಡ್ಡು ಹಾಕಿದ್ರಿ? ಬಾಯಿ ಬಿಡ್ರಿ, ಪುಕ್ಕಟೆ. ಅಡಿಗೆ ಇಷ್ಟು ಅಂತ ರೇಟು ಐತೆ. ಕಟ್ಟಿದಾಗ ಎಷ್ಟಿತ್ತೋ ಅಷ್ಟಕ್ಕೆ ಹೋದ್ರೆ ದಾಕ್ಷಾಯಣಮ್ಮನ ಮನೆ ನಿಮ್ದು. ಒಂದು ಬೆರಳು ಕಮ್ಮಿಯಾದ್ರೂ ಆಗಲ್ಲ."

ಹೀಗೆ ನಾನು ಐವತ್ತಾರನೇ ವಯಸ್ಸಿನಲ್ಲಿ ನಿಜ ಹೇಳಲು ಶುರು ಮಾಡಿದೆ. ಧರ್ಮಕ್ಕೆ ಅಂಜಿ ಅಲ್ಲ, ಚದರಡಿಗೆ ಅಂಜಿ.

ಅಂಗಡಿಯಿಂದ ಆರಂಭಿಸಿದೆ. ಹಳೆಯ ಗಿರಾಕಿಗಳಿಗೆಲ್ಲ ಹೇಳಿ ಕಳಿಸಿದೆ. ಬಿಟ್ಟಿ ಚಹಾ ಇದೆಯೆಂದು ತಿಳಿದು ಕರೆಯದವರೂ ಬಂದರು. ತೊಂಬತ್ತಾರು ಮೆಟ್ಟಿಲ ಮೇಲೂ ಸಾಲು ನಿಂತಿತು. ಒಬ್ಬೊಬ್ಬರನ್ನೇ ಕೂರಿಸಿ, "ಅವತ್ತು ಸೋಮವಾರ ಅಂದಿದ್ದೆ, ಬಟ್ಟೆ ಇನ್ನೂ ಕತ್ತರಿಸಿರಲಿಲ್ಲ" ಎನ್ನುವುದು. ಗೋಡೆ ಕಿರ್ ಎಂದು ಸರಿಯುವುದು. ಜನ ಚಪ್ಪಾಳೆ ಹೊಡೆಯುವುದು. ಸಿದ್ಲಿಂಗಪ್ಪನೆಂಬ ಗಿರಣಿ ಯಜಮಾನನಿಗೆ, ಅವನ ಮದುವೆಯ ಕೋಟಿನ ಬಟ್ಟೆಯಲ್ಲಿ ಮುಕ್ಕಾಲು ಮೀಟರ್ ಉಳಿಸಿಕೊಂಡು ನನಗೊಂದು ಜಾಕೀಟು ಹೊಲಿದುಕೊಂಡಿದ್ದನ್ನು ಹೇಳಿದೆ.

"ಅದಕ್ಕೇ ಏನಲೇ ಕಂಕುಳ ಅಷ್ಟು ಬಿಗಿ ಇದ್ದಿದ್ದು? ನಮ್ಮಪ್ಪ ಮದುವೆ ಫೋಟೋ ನೋಡಿದಾಗೆಲ್ಲ, ಇವನು ಕೈ ಯಾಕೆ ಕೆಳಗೆ ಬಿಟ್ಟಿಲ್ಲ ಅಂತಿದ್ದ!" ಎಂದು ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಮುಗಿದ ಮೇಲೆ ಜಾಕೀಟು ಕೇಳಿ ಪಡೆದುಕೊಂಡು ಹೋದ. ಅವನಿಗೆ ಅದು ಎರಡು ಗುಂಡಿಯಷ್ಟೂ ಕೂಡುವುದಿಲ್ಲ, ಆದರೂ ಹಾಕಿಕೊಂಡೇ ಮೆಟ್ಟಿಲಿಳಿದ. ಹತ್ತು ದಿನದಲ್ಲಿ ಅಂಗಡಿ ಹದಿನಾರು ಅಡಿಗೆ ಬಂತು. ನಾನು ಊರಿನಲ್ಲಿ ತಲೆಯೆತ್ತಿ ನಡೆಯುವ ಹಾಗಿರಲಿಲ್ಲ, ಆದರೆ ನನ್ನ ಮನೆಯಲ್ಲಿ ಕೈಯೆತ್ತಿ ನಿಲ್ಲಬಹುದಿತ್ತು.

ಅಡುಗೆಮನೆಯ ಸುಳ್ಳುಗಳೆಲ್ಲ ಹಾಲಮ್ಮನಿಗೆ ಹೇಳಿದವು. ಹೆಚ್ಚಿನವು ಒಂದೇ ಮಾತು: ಚೆನ್ನಾಗೈತೆ. ಅವಳು ಒಲೆಯ ಪಕ್ಕ ಮಣೆ ಹಾಕಿಕೊಂಡು, ಸೌಟು ಕೈಯಲ್ಲಿ ಹಿಡಿದುಕೊಂಡೇ ಕೂತಳು.

"ಸಾರಿಗೆ ಹುಳಿ ಜಾಸ್ತಿ" ಎಂದೆ. ಗೋಡೆ ಸರಿಯಿತು.

"ಯಾವತ್ತಿಂದು?"

"ಮದುವೆಯಾದ ಮರುದಿನದ್ದು."

"ಆಮೇಲಿಂದು?"

"ಆಮೇಲಿಂದೂ ಜಾಸ್ತಿ."

ಒಂದೊಂದು ಸಾರಿಗೂ ಒಂದೊಂದು ಸಲ ಹೇಳಬೇಕಾಗಿದ್ದರಿಂದ ಎರಡು ಮಧ್ಯಾಹ್ನ ಹಿಡಿಯಿತು. ಮೊದಮೊದಲು ಅವಳ ಮುಖ ಕೆಂಪಗಾಗುತ್ತಿತ್ತು. ಆಮೇಲಾಮೇಲೆ ನಗಲು ಶುರು ಮಾಡಿದಳು. ಅಡುಗೆಮನೆ ಅಗಲವಾದಂತೆ ಅವಳು ಕಾಲು ನೀಡಿಕೊಂಡು ಕೂತಳು, ಎಷ್ಟೋ ವರ್ಷದಿಂದ ಅಲ್ಲಿ ಕಾಲು ನೀಡಲು ಜಾಗವಿರಲಿಲ್ಲ. "ಇಷ್ಟು ವರ್ಷ ಹುಳಿ ಸಾರು ಉಂಡ್ರಲ್ಲ, ಒಂದು ಮಾತು ಹೇಳಾಕೆ ಏನಾಗಿತ್ತು ನಿಮ್ಗೆ?" ಎಂದಳು. ನನಗೂ ಅದೇ ಅನ್ನಿಸಿತು. ಇಷ್ಟು ಸುಲಭವಿತ್ತೇ ಎಂದು ಉಬ್ಬಿಹೋದೆ. ಆ ಉತ್ಸಾಹದಲ್ಲಿ, ಕೈಚೀಲದ ಗಂಡಹೆಂಡಿರನ್ನೂ ಮತ್ತೆ ಕರೆಸಿ, ನಡುಮನೆಯನ್ನೂ ಮುಗಿಸಿದೆ.

ಉಳಿದದ್ದು ಮಲಗುವ ಕೋಣೆ. ಕಟ್ಟಿಸಿದಾಗ ಹದಿನಾಲ್ಕೂವರೆ ಅಡಿ, ಈಗ ಹತ್ತು. ಮಂಚವನ್ನು ಬಡಗಿ ಎರಡು ಸಲ ಕತ್ತರಿಸಿದ್ದ, ನಾವು ಮಂಡಿ ಮಡಚಿಕೊಂಡು ಮಲಗುತ್ತಿದ್ದೆವು. ಇಷ್ಟು ಕುಗ್ಗಿದ್ದು ನನಗೆ ವಿಚಿತ್ರವಾಗಿ ಕಂಡಿತ್ತು, ಏಕೆಂದರೆ ನಾನು ತಲೆ ಇಟ್ಟ ಕೂಡಲೇ ಗೊರಕೆ ಹೊಡೆಯುವವನು. ಸುಳ್ಳು ಹೇಳಲು ಸಮಯವೇ ಇರುತ್ತಿರಲಿಲ್ಲ. ಆದರೆ ಆ ಕೋಣೆಯಲ್ಲಿ ನಾನು ಒಂದು ಸುಳ್ಳು ಹೇಳಿದ್ದು ನಿಜ. ದೊಡ್ಡ ಸುಳ್ಳಾದ್ದರಿಂದ ನಾಲ್ಕೂವರೆ ಅಡಿ ತಿಂದಿರಬೇಕು ಎಂದು ನನ್ನಷ್ಟಕ್ಕೆ ತೀರ್ಮಾನಿಸಿಕೊಂಡಿದ್ದೆ.

ಮೂರು ದಿನ ಆ ಕೋಣೆಯ ಸುದ್ದಿಗೇ ಹೋಗಲಿಲ್ಲ. ತಿಂಗಳು ಮುಗಿಯಲು ಐದು ದಿನವಿತ್ತು. ನಾಲ್ಕನೇ ದಿನ ಬೆಳಿಗ್ಗೆ ಹಾಲಮ್ಮ ತಾನೇ ಹೋಗಿ ಮಂಚದ ಮೇಲೆ ಕೂತು, "ಬರ್ರಿ, ಇದೊಂದು ಮುಗಿಸಿಬಿಡ್ರಿ. ಇದಕ್ಕೇನು ಹುಳಿ ಜಾಸ್ತಿಯಾಗಿತ್ತು ಕೇಳೋಣ" ಎಂದಳು.

ಮದುವೆಯಾದ ವರ್ಷ ಅವಳು ಟೀಚರ್ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಅವಳಿಗೆ ಮಕ್ಕಳಿಗೆ ಪಾಠ ಹೇಳುವುದೆಂದರೆ ಪ್ರಾಣ, ಕೇರಿಯ ಮಕ್ಕಳನ್ನು ಕೂರಿಸಿಕೊಂಡು ಮಗ್ಗಿ ಹೇಳಿಸುತ್ತಿದ್ದಳು. ನೇಮಕದ ಪತ್ರ ಬಂದ ದಿನ ಅವಳು ತವರಿನಲ್ಲಿದ್ದಳು. ಅಂಚೆಯವನು ಅದನ್ನು ಅಂಗಡಿಯಲ್ಲಿ ನನ್ನ ಕೈಗೆ ಕೊಟ್ಟ. ಕೆಲಸ ಇದ್ದದ್ದು ಬಸ್ಸಿನಲ್ಲಿ ನಾಲ್ಕು ಗಂಟೆ ದೂರದ ಊರಿನಲ್ಲಿ. ಅವಳು ಬಂದು ಇದೇ ಕೋಣೆಯಲ್ಲಿ ಟ್ರಂಕು ಇಳಿಸುತ್ತಾ "ಪತ್ರ ಏನಾದ್ರೂ ಬಂತಾ?" ಎಂದಳು. ನಾನು "ಇಲ್ಲ" ಎಂದೆ.

ಈಗ ಅದನ್ನು ಹೇಳಬೇಕು. "ಆ ಪತ್ರ ಬಂದಿತ್ತು ಕಣೇ" ಎಂದೆ. "ಟೀಚರ್ ಕೆಲಸದ್ದು."

ಗೋಡೆ ಸರಿಯಿತು. ಒಂದೇ ಒಂದು ಬೆರಳು. ಇನ್ನೂ ಹೋಗುತ್ತದೇನೋ ಎಂದು ನೋಡಿದೆ. ಹೋಗಲಿಲ್ಲ. ಹಾಲಮ್ಮ ನನ್ನನ್ನೇ ನೋಡುತ್ತಿದ್ದಳು. ಏನಾದರೂ ಹೇಳಬೇಕಲ್ಲ ಎಂದು, "ನಿನ್ ಬಿಟ್ಟಿರಾಕೆ ಆಗ್ತಿರ್ಲಿಲ್ಲ, ಅದಕ್ಕೆ ಮುಚ್ಚಿಟ್ಟೆ" ಎಂದೆ.

ಗೋಡೆ ಒಂದು ಬೆರಳು ಒಳಗೆ ಬಂತು.

ಇಪ್ಪತ್ತೇಳು ವರ್ಷದಿಂದ ನನಗೆ ನಾನೇ ಹೇಳಿಕೊಂಡು ನಂಬಿದ್ದ ಮಾತು ಅದು. ಗೋಡೆ ನಂಬಲಿಲ್ಲ. ಹಾಲಮ್ಮ ಗೋಡೆಯನ್ನೊಮ್ಮೆ ನೋಡಿ, "ಇನ್ನೊಂದ್ಸಲ ಹೇಳ್ರೀ" ಎಂದಳು.

"ಕಾಜ ಹೊಲಿಯಾಕೆ ಜನ ಇರ್ಲಿಲ್ಲ" ಎಂದೆ. "ನಿನ್ನಷ್ಟು ಚೆನ್ನಾಗಿ ಗುಂಡಿಕಾಜ ಹೊಲಿಯೋರು ಈ ಊರಲ್ಲಿ ಯಾರೂ ಇಲ್ಲ. ನೀನು ಹೋದ್ರೆ ಅಂಗಡಿ ನಡೀತಿರ್ಲಿಲ್ಲ."

ಗೋಡೆ ಹಿಂದಕ್ಕೆ ಹೋಯಿತು. ಮನುಷ್ಯ ಇಷ್ಟು ಸಣ್ಣವನಾದ ಮೇಲೆ ಕೋಣೆ ಚಿಕ್ಕದಿದ್ದರೂ ಸಾಕೇನೋ ಅನ್ನಿಸಿತು ನನಗೆ. ಅವಳು ಅಳುತ್ತಾಳೆಂದು ಕಾದೆ, ಬೈಯುತ್ತಾಳೆಂದು ಕಾದೆ. ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡು, ಬಿಚ್ಚಿ, ಮತ್ತೆ ಸುತ್ತಿಕೊಂಡಳು.

"ಆ ಪತ್ರನ ನೀವು ಕಾಲರಿನ ಪ್ಯಾಟ್ರನ್ ಕತ್ತರಿಸಾಕೆ ತಗೊಂಡಿದ್ರಿ" ಎಂದಳು. "ಕಾಗದ ದಪ್ಪ ಇತ್ತಲ್ಲ. ಮರುವರ್ಷ ಅಂಗಡಿ ಗುಡಿಸುವಾಗ ಸಿಕ್ತು. ಒಂದು ಕಡೆ ಅರ್ಧ ಸೀಲು, ಇನ್ನೊಂದು ಕಡೆ ನನ್ ಹೆಸರು. ಹಾಲ ಅಂತ ಇತ್ತು, ಮ್ಮ ಕತ್ತರಿಸಿ ಹೋಗಿತ್ತು."

ಅವಳಿಗೆ ಇಪ್ಪತ್ತಾರು ವರ್ಷದಿಂದ ಗೊತ್ತಿತ್ತು.

"ಪ್ರತಿ ಜೂನು ಎರಡು ಮೂರು ರಾತ್ರಿ ಶಾಲೆ ಯೂನಿಫಾರ್ಮಿಗೆ ಕಾಜ ಹೊಲಿದು ಬಂದು ಇಲ್ಲಿ ಮಲಗ್ತಿದ್ದೆ. ನೀವು, ಯಾಕೆ ಸಪ್ಪಗಿದೀಯ, ಆ ಕೆಲಸ ಸಿಗ್ಲಿಲ್ಲ ಅಂತ ಇನ್ನೂ ಬೇಜಾರಾ ಅಂತ ಕೇಳ್ತಿದ್ರಿ. ಇಲ್ಲಪ್ಪ, ನನಗ್ಯಾಕೆ ಬೇಜಾರು ಅಂತಿದ್ದೆ. ಹೊರಗೆ ಹೋಗಿ ಹೇಳೋಣ ಅಂದ್ರೆ ನಿಮ್ಗೆ ಗೊತ್ತಾಗ್ತಿತ್ತು. ಅದಕ್ಕೆ ಇಲ್ಲೇ ಹೇಳಿದೆ, ಗೋಡೆ ಸರಿಯೋ ಹೊತ್ತಿಗೆ ನಿಮ್ ಗೊರಕೆ ಶುರುವಾಗಿರ್ತಿತ್ತು." ಅವಳು ತಲೆಯೆತ್ತಿದಳು. "ಬೇಜಾರಿತ್ತು ಕಣ್ರೀ. ಒಂದೊಂದು ಕಾಜಕ್ಕೂ ಬೇಜಾರಿತ್ತು. ಮೊದಲನೇ ವರ್ಷ ಇತ್ತು, ಎರಡನೇ ವರ್ಷ ಇತ್ತು..."

ಅವಳು ವರ್ಷ ವರ್ಷವಾಗಿ ಹೇಳುತ್ತಾ ಹೋದಳು. ಒಂದು ರಾತ್ರಿಯನ್ನೂ ಬಿಡಲಿಲ್ಲ. ಗೋಡೆ ಕಿರ್ ಕಿರ್ ಎಂದು ಹಿಂದೆ ಹಿಂದೆ ಹೋಯಿತು. ಎಷ್ಟೋ ವರ್ಷದಿಂದ ಕಾಣದ ನೆಲದ ಗಾರೆ ಕಂಡಿತು. ಕತ್ತರಿಸಿದ ಮಂಚ ಆ ದೊಡ್ಡ ಕೋಣೆಯ ನಡುವೆ ಮಕ್ಕಳ ಮಂಚದಂತೆ ಉಳಿಯಿತು. ನನಗೆ ಆಗ ಅಳು ಬಂತು. ನಾನು ಅತ್ತೆ. ಅವಳು ಎದ್ದು ಹೋಗಿ ಒಲೆ ಹಚ್ಚಿದಳು.

ಆಮೇಲೆ ಅವಳು ನನ್ನೊಂದಿಗೆ ಮಾತಾಡಲಿಲ್ಲ. ಊಟಕ್ಕೆ ಬಡಿಸುತ್ತಿದ್ದಳು, ಸಾರಿಗೆ ಹುಳಿ ಸರಿಯಾಗಿ ಇರುತ್ತಿತ್ತು, ಅದೇ ನನಗೆ ನುಂಗಲಾಗುತ್ತಿರಲಿಲ್ಲ. ಚಿಕ್ಕ ಮನೆಯಲ್ಲಾದರೆ ದಿನಕ್ಕೆ ಹತ್ತು ಸಲ ಮೈಗೆ ಮೈ ತಾಗುತ್ತಿತ್ತು. ಈಗ ಇಬ್ಬರೂ ಒಬ್ಬರಿಗೊಬ್ಬರು ಸಿಗದೆ ಓಡಾಡುವಷ್ಟು ಜಾಗವಿತ್ತು. ಎರಡನೇ ದಿನ ಅವಳು ತನ್ನ ಸೀರೆಗಳನ್ನು ಟ್ರಂಕಿಗೆ ತುಂಬಿದಳು. ನನ್ನ ಅಂಗಿಗಳನ್ನು ತುಂಬಲಿಲ್ಲ. ಟ್ರಂಕು ಹೋಗುವುದು ದಾಕ್ಷಾಯಣಮ್ಮನ ಮನೆಗೋ, ಅವಳ ತಮ್ಮನ ಮನೆಗೋ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಕೇಳಿದರೆ ನಿಜ ಹೇಳುತ್ತಾಳಲ್ಲ ಎಂಬ ಹೆದರಿಕೆ.

ಕೊನೆಯ ದಿನ ಬೆಳಿಗ್ಗೆ ರುದ್ರಮುನಿ ಕೊಳ್ಳುವವರನ್ನು ಕರೆದುಕೊಂಡು ಬಂದ. ಬೆಲ್ಲದ ವ್ಯಾಪಾರಿ ಪರ್ವತಪ್ಪ, ನಾಲ್ಕು ಮಕ್ಕಳ ತಂದೆ, ಮೆಟ್ಟಿಲೆಂದರೆ ಲೆಕ್ಕವಿಲ್ಲದ ಗಟ್ಟಿಮುಟ್ಟಾದ ಆಳು. ಅಂಗಡಿ ಅಳೆದರು, ನಡುಮನೆ ಅಳೆದರು, ಅಡುಗೆಮನೆ ಅಳೆದರು. ಎಲ್ಲ ಪಕ್ಕಾ. ಕೊನೆಗೆ ಮಲಗುವ ಕೋಣೆಗೆ ಬಂದೆವು. ರುದ್ರಮುನಿ ಟೇಪಿನ ಒಂದು ತುದಿಯನ್ನು ಪರ್ವತಪ್ಪನ ಕೈಗೆ ಕೊಟ್ಟು ಗೋಡೆಗೆ ಒತ್ತಿ ಹಿಡಿಯಲು ಹೇಳಿ, ಇನ್ನೊಂದು ತುದಿ ತಾನು ಹಿಡಿದ. "ಹದಿನಾಲ್ಕೂವರೆ" ಎಂದ.

ಆದರೆ ನಮ್ಮೂರಲ್ಲಿ ಟೇಪು ಬಿಡುವ ಮುಂಚೆ ಒಂದು ಪದ್ಧತಿಯಿದೆ. ಕೊಳ್ಳುವವರು ಮನೆಯವರನ್ನು ಒಂದು ಮಾತು ಕೇಳಬೇಕು. ಮಾರಿದ ಮೇಲೆ ಯಾರದೋ ಉಳಿದ ಮಾತಿಗೆ ಗೋಡೆ ಅತ್ತಿತ್ತ ಆಗಬಾರದಲ್ಲ. ಪರ್ವತಪ್ಪ ಗಂಟಲು ಸರಿಮಾಡಿಕೊಂಡು ಕೇಳಿದ: "ಹೇಳೋದು ಏನಾದ್ರೂ ಉಳಿದೈತೇನ್ರೀ?"

"ನನ್ನದೇನೂ ಇಲ್ಲ" ಎಂದೆ. ಟೇಪು ಬಿಗಿಯಾಗಿಯೇ ಇತ್ತು.

"ಅಮ್ಮಾರೆ, ನಿಮ್ದು?"

ಹಾಲಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ನೋಯುವ ಕಾಲನ್ನು ಸ್ವಲ್ಪ ಎತ್ತಿ ಹಿಡಿದಿದ್ದಳು.

"ಐತೆ" ಎಂದಳು. "ಇವರು ಮಾಡಿದ್ದನ್ನ ನಾನು ಕ್ಷಮಿಸಿಲ್ಲ."

ನನ್ನ ಕಣ್ಣು ಟೇಪಿಗೆ ಹೋಯಿತು. ನಾನು ಅಂದುಕೊಂಡಿದ್ದನ್ನು ಹೇಳಿಬಿಡುತ್ತೇನೆ: ಗೋಡೆಯೇ, ಒಂದು ಬೆರಳು ಒಳಗೆ ಬಾ ಎಂದು ಬೇಡಿಕೊಂಡೆ. ಬೆಲೆ ಹೋಗಲಿ, ದಾಕ್ಷಾಯಣಮ್ಮನ ಮನೆ ಹೋಗಲಿ, ಇವಳನ್ನು ದಿನಾ ಬೆನ್ನ ಮೇಲೆ ಹೊತ್ತು ಮೆಟ್ಟಿಲಿಳಿಸುತ್ತೇನೆ, ಇವಳು ಈಗ ಹೇಳಿದ್ದೊಂದು ಸುಳ್ಳಾಗಲಿ. ಗೋಡೆ ಹತ್ತಿರ ಬರುವುದನ್ನು ನಾನು ಜೀವಮಾನದಲ್ಲಿ ಅಷ್ಟು ಬಯಸಿದ್ದಿಲ್ಲ.

ಗೋಡೆ ಕೂದಲೆಳೆಯಷ್ಟೂ ಅಲುಗಲಿಲ್ಲ.

ಪರ್ವತಪ್ಪ ಮುಜುಗರದಿಂದ ನೆಲ ನೋಡಿದ. ರುದ್ರಮುನಿ ಪೆನ್ಸಿಲನ್ನು ಕಿವಿಯಿಂದ ತೆಗೆದು, "ಅಷ್ಟೇನಾ ತಾಯಿ?" ಎಂದ.

"ಇನ್ನೊಂದೈತೆ" ಎಂದಳು ಹಾಲಮ್ಮ. "ಆದ್ರೂ ಕೆಳಗಿನ ಮನೆಗೆ ಇವರ ಜೊತಿಗೇ ಹೋಗ್ತೀನಿ. ಅಲ್ಲಿ ಪಕ್ಕದಲ್ಲಿ ಶಾಲೆ ಐತೆ. ಸಂಜೆ ಹೊತ್ತು ಮಕ್ಕಳನ್ನ ಕೂರಿಸ್ಕೊಂಡು ಪಾಠ ಹೇಳ್ತೀನಿ. ಕಾಜ ಇವರೇ ಹೊಲಿದುಕೊಳ್ಳಲಿ."

ಈ ಸಲ ನಾನು ಟೇಪಿನ ಕಡೆ ನೋಡಲಾರದೆ ಕಣ್ಣು ಮುಚ್ಚಿಕೊಂಡೆ. ಆಮೇಲೆ ರುದ್ರಮುನಿ ಎಂದಿನ ಒಣ ದನಿಯಲ್ಲಿ "ಹದಿನಾಲ್ಕೂವರೆ" ಎಂದು ಓದಿ, ಬರೆದುಕೊಂಡ.